ಆರನೆಯ ಹೆಸರು

ನೂರ ನಲವತ್ತು ಫಾರಮ್ಮುಗಳಲ್ಲಿ ನೂರ ಹನ್ನೊಂದನೆಯದು ಮಗಳದು. ಅದು ಬಂದೇ ಬರುತ್ತದೆಂದು ಬೆಳಿಗ್ಗೆಯಿಂದ ಗೊತ್ತಿದ್ದರೂ, ಹಾಳೆಯ ಮೇಲೆ ಇಂಚರಾ ಶ್ರೀರಂಗ ಎಂಬ ಒತ್ತೊತ್ತಾದ ಕೈಬರಹ ಕಂಡೊಡನೆ ಕೌಸಲ್ಯಾ, ಬಾಗಿಲು ಬಡಿಯದೆ ಯಾರದೋ ಕೋಣೆಗೆ ನುಗ್ಗಿಬಿಟ್ಟವಳ ಹಾಗೆ, ಕಣ್ಣನ್ನು ಪಕ್ಕಕ್ಕೆ ತಿರುಗಿಸಿದಳು. ಕಿಟಕಿಯ ಆಚೆ ಶಾಲೆಯ ಕಾರ್ ಪಾರ್ಕು, ಅದರಾಚೆ ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ಫೆಬ್ರವರಿಯ ಮಂಕು ಮಧ್ಯಾಹ್ನ, ಅದರ ಮೇಲೆ ಚಕ್ರ ಇಳಿಬಿಟ್ಟುಕೊಂಡು ನೆಲ ಹುಡುಕುತ್ತಿದ್ದ ಒಂದು ವಿಮಾನ. ಎದುರು ಮೇಜಿನಲ್ಲಿ ಡೋರೀನ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದಳು. ಆಫೀಸಿಗೆ ಹಿರಿಯಳಾದ ಅವಳು, ಕೌಸಲ್ಯಾ ಎನ್ನುವುದು ನಾಲಿಗೆಗೆ ಒಗ್ಗದೆ, ಮೊದಲ ವಾರದಲ್ಲೇ ಅದನ್ನು ಕೋಶ್ ಎಂದು ಮೊಟಕು ಮಾಡಿದ್ದಳು. ತಿದ್ದಬೇಕು ಎಂದುಕೊಂಡು ತಿದ್ದದೆ ನಾಲ್ಕು ವರ್ಷ ಕಳೆದಿತ್ತು. ಈಗ ಹೆಡ್‌ಮಾಸ್ಟರರೂ ಕೋಶ್ ಎನ್ನುತ್ತಿದ್ದರು. ಮೊನ್ನೆ ಮನೆಯಲ್ಲಿ ಫೋನೆತ್ತಿ ತಾನೇ ತನ್ನನ್ನು ಕೋಶ್ ಎಂದು ಕರೆದುಕೊಂಡಾಗ ಮೆಟ್ಟಿಲ ಮೇಲೆ ಕೂತಿದ್ದ ಇಂಚರಾ ತಲೆಯೆತ್ತಿ ನೋಡಿದ್ದಳು. ಆ ನೋಟ ಕೌಸಲ್ಯಾಗೆ ಎರಡು ದಿನ ಚುಚ್ಚಿತ್ತು.

ಕೆಲಸ ಕಷ್ಟದ್ದೇನಲ್ಲ. ಹದಿನಾರು ತುಂಬುವ ಮಕ್ಕಳು ಬೇಸಿಗೆಯ ಪರೀಕ್ಷೆ ಮುಗಿಸಿ ಮುಂದಿನ ಎರಡು ವರ್ಷ ಏನು ಓದುತ್ತಾರೆಂದು ಈ ಹಳದಿ ಫಾರಮ್ಮಿನಲ್ಲಿ ಬರೆಯಬೇಕು. ನಾಲ್ಕು ವಿಷಯ, ಅವುಗಳಲ್ಲಿ ಯಾವುದಾದರೂ ಸಿಗದಿದ್ದರೆ ಇರಲೆಂದು ಐದನೆಯದು ಒಂದು. ಕೆಳಗೆ ತಂದೆಯೋ ತಾಯಿಯೋ ಸಹಿ ಹಾಕಬೇಕು. ಅದನ್ನು ನೋಡಿ ಕಂಪ್ಯೂಟರಿಗೆ ಏರಿಸುವುದು ಕೌಸಲ್ಯಾಳ ಕೆಲಸ. ಮಗಳ ಹಾಳೆಯಲ್ಲಿ ಮೊದಲು ಮ್ಯಾಥ್ಸ್, ಎರಡನೆಯದು ಫರ್ದರ್ ಮ್ಯಾಥ್ಸ್, ಆಮೇಲೆ ಫಿಸಿಕ್ಸ್, ಕೆಮಿಸ್ಟ್ರಿ. ಐದನೆಯ ಜಾಗದಲ್ಲಿ, ತುಂಬಲೇಬೇಕಲ್ಲ ಎಂಬ ಬೇಸರದಲ್ಲಿ ಗೀಚಿದ ಜಿಯಾಗ್ರಫಿ. ಎಲ್ಲರೂ ಓದುವ ಮ್ಯಾಥ್ಸ್ ಸಾಲದವರಿಗೆ ಫರ್ದರ್ ಮ್ಯಾಥ್ಸ್ ಎಂಬ ಇನ್ನೊಂದು ಇಡೀ ವಿಷಯ. ಅಲ್ಲಿ ಕ್ಯಾಲ್ಕ್ಯುಲಸ್ ದಡ ಬಿಟ್ಟು ನಡುನೀರಿಗೆ ಇಳಿಯುತ್ತದೆ. ಕೆಳಗೆ ಶ್ರೀರಂಗನ ಸಹಿ. ಲೆಮಿಂಗ್ಟನ್ ಸ್ಪಾದ ವೀಡಿಯೋ ಗೇಮ್ ಕಂಪನಿಯಲ್ಲಿ, ಆಟದೊಳಗಿನ ಕಾರುಗಳು ತಿರುವಿನಲ್ಲಿ ನಿಜವಾಗಿ ಜಾರುವಂತೆ ಕೋಡ್ ಬರೆಯುವ ಅವಳ ಗಂಡ, ಹೋದ ಸೋಮವಾರ ಬಾಯಲ್ಲಿ ಟೋಸ್ಟ್ ಕಚ್ಚಿಕೊಂಡೇ ಇದಕ್ಕೆ ಸಹಿ ಹಾಕಿ, "ಅವಳಿಗೆ ಇಷ್ಟ ಇರೋದನ್ನ ಓದ್ಲಿ ಬಿಡೇ. ನನ್ನ ಹೊಟ್ಟೆಪಾಡೂ ಕ್ಯಾಲ್ಕ್ಯುಲಸ್ಸೇ ಅಲ್ವಾ," ಎಂದು ಕಾರಿನ ಕೀಲಿ ಹುಡುಕುತ್ತ ಹೋಗಿದ್ದ. ಆಗ ಅವಳು ಹೇಳಬಹುದಿತ್ತು. ಏನನ್ನು? ಮದುವೆಯಾಗಿ ಹದಿನೆಂಟು ವರ್ಷ ಹೇಳದೇ ಇದ್ದದ್ದನ್ನು ಟೋಸ್ಟ್ ಮುಗಿಯುವುದರೊಳಗೆ ಹೇಳುವುದು ಹೇಗೆ?

ಇಂಚರಾ ಲೆಕ್ಕ ಮಾಡುವಾಗ ಗುನುಗುತ್ತಾಳೆ. ಅವಳಿಗೆ ಮೇಜು ಬೇಡ, ಮೆಟ್ಟಿಲೇ ಆಗಬೇಕು. ಕೆಳಗಿನಿಂದ ಐದನೆಯ ಮೆಟ್ಟಿಲ ಮೇಲೆ ಮೊಣಕಾಲಿಗೆ ನೋಟ್‌ಬುಕ್ ಆನಿಸಿಕೊಂಡು ಕೂತರೆ, ಊಟಕ್ಕೆ ಮೂರು ಸಲ ಕರೆದರೂ ನಾಲ್ಕನೆಯ ಸಲಕ್ಕೆ "ಹ್ಞಾಂ?" ಎಂದು ಬೇರೆ ಯಾವುದೋ ಊರಿನಿಂದ ಬಂದವಳ ಹಾಗೆ ನೋಡುತ್ತಾಳೆ. ಹೋದ ತಿಂಗಳು ಪಾತ್ರೆ ಒರೆಸುತ್ತ ನಿಂತವಳು ಇದ್ದಕ್ಕಿದ್ದಂತೆ, ತನ್ನ ಇಂಗ್ಲಿಷಿನಲ್ಲೇ, ಒಂದು ಗೆರೆ ಇನ್ನೊಂದು ಗೆರೆಯ ಹತ್ತಿರ ಹತ್ತಿರ ಹೋಗುತ್ತಲೇ ಇದ್ದು ಕೊನೆಗೂ ಮುಟ್ಟದೇ ಹೋದರೆ ಅದಕ್ಕೆ ಬೇಜಾರಾಗಲ್ಲವಾ ಅಮ್ಮಾ ಎಂದು ಕೇಳಿ ತಾನೇ ನಕ್ಕಿದ್ದಳು. ಕೌಸಲ್ಯಾಳ ಕೈಯ ತಟ್ಟೆ ನೀರಿನೊಳಕ್ಕೆ ಜಾರಿತ್ತು. ಮುಟ್ಟೋದಿಲ್ಲ ಕೌಸಿ, ಆದರೆ ಮುಟ್ಟಿದ ಹಾಗೇ, ಅದೇ ಅದರ ಸೊಗಸು ಎಂದಿದ್ದ ವಿಶ್ವಣ್ಣ, ಸಾರಿನಲ್ಲಿ ಅದ್ದಿದ ಬೆರಳಿನಿಂದ ಊಟದ ತಟ್ಟೆಯ ಅಂಚಿನಲ್ಲಿ ಗೆರೆ ಎಳೆದು ತೋರಿಸುತ್ತ. ಮೈಸೂರಿನ ಒಂಟಿಕೊಪ್ಪಲಿನ ಆ ಅಡುಗೆಮನೆಯಲ್ಲಿ ಅವಳಿಗೆ ಹದಿನೈದು, ಅಣ್ಣ ವಿಶ್ವೇಶ್ವರನಿಗೆ ಇಪ್ಪತ್ತು. ಅವನೂ ಗುನುಗುತ್ತಿದ್ದ. ಎರಡು ವರ್ಷ ಕಳೆದು, ಎಂಎಸ್ಸಿಯ ಎರಡನೆಯ ವರ್ಷದಲ್ಲಿ, ಮೊದಲು ಊಟ ಬಿಟ್ಟ, ಆಮೇಲೆ ನಿದ್ದೆ ಬಿಟ್ಟ. ಒಂದು ಬೆಳಿಗ್ಗೆ ಹಜಾರದ ಗೋಡೆಯ ತುಂಬ ಇದ್ದಿಲಿನಲ್ಲಿ ಲೆಕ್ಕ ಬರೆದು, ಇದನ್ನು ಅಳಿಸಿದವರು ಸಾಯುತ್ತಾರೆ ಎಂದು ಅಪ್ಪನ ಎದುರು ನಿಂತಿದ್ದ. ಲೆಕ್ಕದಿಂದಲೇ ಹುಡುಗನ ತಲೆ ಕೆಟ್ಟಿತು ಎಂದು ಅಪ್ಪ ತೀರ್ಮಾನಿಸಿದರು. ಆ ಮನೆಯಲ್ಲಿ ಮತ್ತೆ ಯಾರೂ ಗಣಿತ ಓದಲಿಲ್ಲ. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದ ಕೌಸಲ್ಯಾಳನ್ನು ಬಿ.ಕಾಂ.ಗೆ ಹಾಕಿದರು. ಮದುವೆಯ ಮೂರು ದಿನ ಅಣ್ಣನನ್ನು ನಂಜನಗೂಡಿನ ದೊಡ್ಡಮ್ಮನ ಮನೆಯಲ್ಲಿಟ್ಟು, ಶ್ರೀರಂಗನ ಕಡೆಯವರಿಗೆ, ಅವನಿಗೆ ಚಿಕ್ಕಂದಿನಲ್ಲಿ ಟೈಫಾಯಿಡ್ ಆಗಿ ಸ್ವಲ್ಪ ಮಂದ ಎಂದು ಹೇಳಿದರು. ಶ್ರೀರಂಗ ಈಗಲೂ ಊರಿಗೆ ಹೋದಾಗ ಆ ಟೈಫಾಯಿಡ್ಡನ್ನು ನಂಬಿಕೊಂಡೇ ಭಾವನ ಹೆಗಲ ಮೇಲೆ ಕೈಹಾಕಿ ಮಾತಾಡಿಸುತ್ತಾನೆ.

ಡೋರೀನ್ ಎದ್ದು ಕೆಟಲ್ ತುಂಬಲು ಹೋದಳು. ಪರದೆಯ ಮೇಲೆ ಎರಡನೆಯ ವಿಷಯದ ಖಾನೆಯಲ್ಲಿ ಗೆರೆ ಮಿಣುಕುತ್ತಿತ್ತು. ಎರಡು ಅಕ್ಷರ ಒತ್ತಿದರೆ ಫರ್ದರ್ ಮ್ಯಾಥ್ಸ್, ಬೇರೆ ಎರಡು ಒತ್ತಿದರೆ ಜಿಯಾಗ್ರಫಿ. ತನ್ನ ಬೆರಳು ಬೇರೆ ಎರಡನ್ನು ಒತ್ತಿದ್ದನ್ನು ಕೌಸಲ್ಯಾ ಯಾರೋ ಮಾಡುವುದನ್ನು ನೋಡುವ ಹಾಗೆ ನೋಡಿದಳು. ಇದು ಭಯ, ತಾಯಿಯ ಭಯ, ಇದಕ್ಕೆ ಕ್ಷಮೆಯಿದೆ ಎಂದು ಒಂದು ದನಿ ಒಳಗಿನಿಂದ ಹೇಳುತ್ತಿದ್ದಾಗಲೇ ಅದರ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದು, ಸಣ್ಣದು, ಒಣಗಿದ್ದು, ತೊಂಬತ್ತೆಂಟು ಎಂದಿತು. ಅದನ್ನು ಕೇಳಿಸಿಕೊಳ್ಳದವಳಂತೆ ನೂರ ಹನ್ನೆರಡನೆಯ ಫಾರಮ್ಮು ಎತ್ತಿಕೊಂಡಳು.

ಆ ಸಂಜೆ ಇಂಚರಾ ಎಂದಿಗಿಂತ ಹೆಚ್ಚು ಮಾತಾಡಿದಳು. ಗಣಿತದ ಟಾಂಕ್ಸ್ ಸರ್ ಈಗಲೇ ಮುಂದಿನ ವರ್ಷದ ಪುಸ್ತಕ ತೋರಿಸಿದರಂತೆ, ಅವಳೂ ಲಿಯಾನ್ನೂ ಊಟದ ಬಿಡುವಿನಲ್ಲಿ ಅದರ ಮೊದಲ ಲೆಕ್ಕಕ್ಕೆ ಕೈಹಾಕಿ ಅರ್ಧಕ್ಕೇ ಸಿಕ್ಕಿಹಾಕಿಕೊಂಡರಂತೆ, ಹಾಗೆ ಸಿಕ್ಕಿಹಾಕಿಕೊಳ್ಳುವುದೇ ಮಜಾ ಅಂತೆ. ಲಿಯಾನ್ ಅವಳ ಗೆಳತಿ. ಲಿಯಾನ್‌ಳ ತಾಯಿ ಜೂನ್ ಶಾಲೆಯ ಕ್ಯಾಂಟೀನಿನಲ್ಲಿ ಬಡಿಸುತ್ತಾಳೆ, ಕೌಸಲ್ಯಾಗೆ ಮಾಂಸದ ಚಮಚ ತಾಗದ ಹಾಗೆ ಬೇರೆ ಚಮಚದಲ್ಲಿ ಬಟಾಣಿ ಹಾಕುತ್ತಾಳೆ. ಅವಳ ಗಂಡ ಕಾರಿನ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದವನು. ಮಗಳು ದೊಡ್ಡ ಯೂನಿವರ್ಸಿಟಿಗೆ ಹೋಗಿ ಗಣಿತ ಓದುತ್ತಾಳೆ, ಅದಕ್ಕೆ ಈ ಫರ್ದರ್ ಮ್ಯಾಥ್ಸ್ ಇಲ್ಲದಿದ್ದರೆ ಆಗುವುದಿಲ್ಲವಂತೆ ಎಂದು ಆ ಬಟಾಣಿಯ ಜೊತೆಗೆ ಒಂದು ದಿನ ಹೇಳಿದ್ದಳು. ಕೌಸಲ್ಯಾ ಮಗಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಇಂಚರಾ ಅದನ್ನೂ ತಿಂದಳು. ಊಟ ಬಿಟ್ಟಿರಲಿಲ್ಲ, ನಿದ್ದೆಯನ್ನೂ ಬಿಟ್ಟಿರಲಿಲ್ಲ, ಬೆಳಿಗ್ಗೆ ಎಂಟು ಸಲ ಕೂಗಿದರೂ ಏಳುತ್ತಿರಲಿಲ್ಲ. ಇಷ್ಟು ಸರಳವಾದ ಸಂಗತಿ ಈಗ, ಕೆಲಸ ಮುಗಿದ ಮೇಲೆ, ಕಣ್ಣಿಗೆ ಬೀಳುತ್ತಿತ್ತು. ನಾಳೆ ಸರಿಮಾಡಿದರಾಯಿತು ಎಂದುಕೊಂಡಳು. ಎರಡು ಅಕ್ಷರ ತಾನೆ.

ಆ ನಾಳೆ ಶುಕ್ರವಾರ, ಅದು ಹಾಗೇ ಕಳೆಯಿತು, ಆಮೇಲೆ ಶನಿವಾರ ಭಾನುವಾರ, ಆಮೇಲೆ ಒಂದು ವಾರದ ರಜೆ. ರಜೆ ಮುಗಿದ ಮಂಗಳವಾರ ಮಿಸ್ಟರ್ ಟಾಂಕ್ಸ್ ಆಫೀಸಿಗೆ ಬಂದರು. ಹತ್ತಿರದ ಡಡ್ಲಿ ಊರಿನ ಕಡೆಯವರು, ಐವತ್ತೆಂಟರ ಮನುಷ್ಯ, ಕೋಟಿನ ತೋಳಿಗೆ ಸದಾ ಸೀಮೆಸುಣ್ಣದ ಪುಡಿ. ಬಿಳಿ ಬೋರ್ಡು ಬಂದು ವರ್ಷಗಳಾದರೂ ಹಟಹಿಡಿದು ಒಂದು ಕರಿಹಲಗೆ ಉಳಿಸಿಕೊಂಡಿದ್ದವರು. ಕೌಸಲ್ಯಾಳ ಮೇಜಿನ ತುದಿಗೆ ಕೈಯೂರಿ ಬಗ್ಗಿ, "ಫರ್ದರ್ ಮ್ಯಾಥ್ಸ್ ಎಷ್ಟು ಜನ ಬ್ಯಾಬ್?" ಎಂದರು. ಇಲ್ಲಿಯವರು ಮಗಳಿಗೂ ಹೆಂಡತಿಗೂ ಬಸ್ಸಿನ ಅಪರಿಚಿತಳಿಗೂ ಒಂದೇ ಅಕ್ಕರೆಯಲ್ಲಿ ಬ್ಯಾಬ್ ಎನ್ನುತ್ತಾರೆ. ಅವಳು ಒತ್ತಿ ನೋಡಿ, "ಐದು," ಎಂದಳು.

"ಐದಾ? ಆರು ಇರಬೇಕಲ್ಲ." ಅವರು ಬೆರಳು ಮಡಚಿ ಏನೋ ಎಣಿಸಿದರು. "ಯಾರೋ ಕೊನೆಗಳಿಗೇಲಿ ಹೆದರಿ ಓಡಿದಾರೆ. ಪ್ರತಿ ವರ್ಷ ಒಬ್ಬರು ಓಡ್ತಾರೆ. ಆದರೆ ಈ ವರ್ಷ ಆರಕ್ಕೆ ಕಡಿಮೆ ಇದ್ರೆ ಕ್ಲಾಸೇ ನಡೆಸಲ್ಲ ಅಂತ ಹೆಡ್ ಹೇಳಿಬಿಟ್ಟಿದಾರೆ."

"ಯಾರು ಅಂತ ನೋಡ್ಲಾ?" ಎಂದು ಡೋರೀನ್ ಆಚೆಯಿಂದ ಕೇಳಿದಳು. ಕೌಸಲ್ಯಾ ಪರದೆಯ ಮೇಲಿನ ಪಟ್ಟಿಯನ್ನು ಮುಚ್ಚಿದಳು.

"ಬೇಡ," ಎಂದರು ಟಾಂಕ್ಸ್. "ಹೆದರಿದ ಮಗುವನ್ನ ಎಳ್ಕೊಂಡು ಬಂದು ಕೂರಿಸಬಾರದು. ಅದು ನನ್ನ ನಿಯಮ." ಬಾಗಿಲಲ್ಲಿ ಒಂದು ಕ್ಷಣ ನಿಂತು, ಕೌಸಲ್ಯಾಳ ಕಡೆ ತಿರುಗಿ, "ನಿಮ್ಮ ಹುಡುಗಿಯಂತೂ ಇದಾಳೆ ಬಿಡಿ," ಎಂದು ನಕ್ಕು ಹೋದರು.

ಅದು ಪ್ರಶ್ನೆಯಾಗಿರಲಿಲ್ಲ. ಪ್ರಶ್ನೆಯಾಗಿದ್ದರೆ ಉತ್ತರ ಕೊಡುತ್ತಿದ್ದೆ ಎಂದು ಅವಳು ಆಮೇಲೆ ತಿಂಗಳುಗಟ್ಟಲೆ ತನಗೆ ತಾನೇ ಹೇಳಿಕೊಂಡಳು. ಆ ಮಧ್ಯಾಹ್ನ ಡೋರೀನ್ ಫಾರಮ್ಮುಗಳ ಕಟ್ಟನ್ನು ಹಿಡಿ ಹಿಡಿಯಾಗಿ ಕತ್ತರಿಸುವ ಯಂತ್ರಕ್ಕೆ ತುರುಕಿದಳು. ಹಳದಿ ಹಾಳೆ ಶಾವಿಗೆಯಾಗಿ ಚೀಲಕ್ಕೆ ಬೀಳುತ್ತಿತ್ತು. ನಿಲ್ಲಿಸು, ಒಂದು ತಪ್ಪಾಗಿದೆ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಐದಾರು ಪದ ಸಾಕು. ಆದರೆ ಆ ಪದಗಳ ಹಿಂದೆ ಇನ್ನೊಂದು ವಾಕ್ಯ ಬರಬೇಕಾಗುತ್ತದೆ. ಅದರ ಹಿಂದೆ ಆಫೀಸಿನ ಕೆಲಸ ಹೋಗುತ್ತದೆ, ಹೆಡ್‌ಮಾಸ್ಟರರ ಕೋಣೆ ಬರುತ್ತದೆ, ಶ್ರೀರಂಗನ ಏಕೆ ಎಂಬ ಪ್ರಶ್ನೆ, ಅದರ ಹಿಂದೆ ಇದ್ದಿಲು ಮೆತ್ತಿದ ಗೋಡೆ. ಯಂತ್ರ ನಿಂತಿತು. ಡೋರೀನ್ ಚೀಲದ ಬಾಯಿಗೆ ಗಂಟು ಹಾಕಿದಳು.

ಮಾರ್ಚಿನ ಮೂರನೆಯ ಶನಿವಾರ ಪತ್ರ ಬಂತು. ಕೌಸಲ್ಯಾಳೇ ಮಡಚಿ, ಅವಳೇ ಲಕೋಟೆಗೆ ಹಾಕಿದ ಪತ್ರ ಅವಳ ಮನೆಯ ಬಾಗಿಲಿನ ಸೀಳಿನಿಂದಲೇ ಒಳಕ್ಕೆ ಬಿತ್ತು. ಶ್ರೀರಂಗ ಹಿತ್ತಲಿನಲ್ಲಿ ಬೇಲಿಯ ಹಲಗೆಗೆ ಬಣ್ಣ ಬಳಿಯುತ್ತಿದ್ದ. ಅವಳು ದೋಸೆ ಹುಯ್ಯುತ್ತಿದ್ದಳು. ಇಂಚರಾ ಪತ್ರ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಜಿಯಾಗ್ರಫಿ ಅಂತಿದೆ," ಎಂದಳು. ಇಂಗ್ಲಿಷಿನಲ್ಲೇ, ನಗುತ್ತಲೇ. "ತಪ್ಪು ಕಳಿಸಿದಾರೆ. ನಾನು ಫರ್ದರ್ ಮ್ಯಾಥ್ಸ್ ಹಾಕಿದ್ದೆ."

"ಹೌದಾ?" ಎಂದಳು ಕೌಸಲ್ಯಾ. ದೋಸೆಯ ಅಂಚು ಕಾವಲಿ ಬಿಡುತ್ತಿತ್ತು.

"ಹಾಕಿದ್ದೆ ಅಮ್ಮಾ. ಎರಡನೇ ಸಾಲಲ್ಲಿ. ಜಿಯಾಗ್ರಫಿ ಕೊನೇಲಿ ಇತ್ತು."

ಆಗ, ಆ ಕ್ಷಣದಲ್ಲಿ, ಇನ್ನೂ ದಾರಿಯಿತ್ತು. ಕೌಸಲ್ಯಾಗೆ ಅದು ಕಂಡಿತು, ತೆರೆದಿಟ್ಟ ಬಾಗಿಲಿನಷ್ಟು ಸ್ಪಷ್ಟವಾಗಿ ಕಂಡಿತು. ತಪ್ಪು ನನ್ನದೇ ಇರಬೇಕು ಪುಟ್ಟಾ, ನೂರು ಫಾರಮ್ಮು ಟೈಪ್ ಮಾಡಿದೀನಿ, ಕೈ ತಪ್ಪಿರಬಹುದು ಎಂದರೆ ಸಾಕಿತ್ತು. ಅರ್ಧ ಸುಳ್ಳಾದರೂ ಮಗಳ ಪಾಲಿಗೆ ಪೂರ್ತಿ ನಿಜ. ಆದರೆ ಬಾಯಿಂದ ಬಂದದ್ದು, "ಅವಸರದಲ್ಲಿ ತುಂಬಿದ್ಯಲ್ಲ, ಸಾಲು ತಪ್ಪಿರಬಹುದು ನೋಡು," ಎಂಬ ಮಾತು. ಬಹಳ ಸಹಜವಾಗಿ, ದೋಸೆ ತಿರುವಿ ಹಾಕುತ್ತ.

ಇಂಚರಾ ಪತ್ರವನ್ನು ಮತ್ತೆ ನೋಡಿದಳು. ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದನ್ನು ಹಿಡಿದಿಟ್ಟಿದ್ದದ್ದು ಒಳಗಿನಿಂದ ಎದ್ದುಹೋದ ಹಾಗಿತ್ತು. "ಹಾಕಿದ್ದೆ ಅಂತ ಅನ್ಸುತ್ತೆ," ಎಂದಳು. ಆ ಅನ್ಸುತ್ತೆ ಅಡುಗೆಮನೆಯಲ್ಲಿ ಹಾಗೇ ನಿಂತಿತು. ಎಲ್ಲೋ ಇಟ್ಟು ಮರೆತಿದ್ದೀಯ ಕಣೋ ವಿಶ್ವ ಎಂದಿದ್ದಳು ಅಂದು ಒಂಟಿಕೊಪ್ಪಲಿನ ಮನೆಯಲ್ಲಿ ಅಮ್ಮ. ಬೆಂಗಳೂರಿನ ಡಾಕ್ಟರು, ರೋಗಕ್ಕೂ ಗಣಿತಕ್ಕೂ ಸಂಬಂಧವಿಲ್ಲ, ಅವನ ಪುಸ್ತಕ ಅವನ ಹತ್ತಿರ ಇರಲಿ, ಅದೇ ಅವನಿಗೆ ಊರುಗೋಲು ಎಂದು ಕನ್ನಡದಲ್ಲೇ ಬಿಡಿಸಿ ಹೇಳಿ ಕಳಿಸಿದ್ದ ವಾರವೇ ಅಪ್ಪ ಹಳೇ ಪೇಪರಿನವನನ್ನು ಕರೆದು ಹನ್ನೊಂದು ನೋಟ್‌ಬುಕ್ಕನ್ನು ತಕ್ಕಡಿಗೆ ಹಾಕಿಸಿದ್ದರು. ಅಣ್ಣ ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬದೊಳಗೆ ಹುಡುಕಿ ಕೊನೆಗೆ ಕೌಸಿಯ ಮುಖ ನೋಡಿದ್ದ. ಅವಳು ಅವರೆಕಾಳು ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ. ಅಂದಿನಿಂದ ಅವನು ಏನನ್ನೂ ಇಂಥ ಕಡೆ ಇಟ್ಟಿದ್ದೇನೆ ಎಂದು ಖಚಿತವಾಗಿ ಹೇಳಲಿಲ್ಲ, ಚಪ್ಪಲಿಯನ್ನೂ ಕೂಡ.

"ಸೋಮವಾರ ಹೋಗಿ ಕೇಳು," ಎಂದಳು ಕೌಸಲ್ಯಾ. "ಟಾಂಕ್ಸ್ ಸರ್ ಸರಿಮಾಡ್ತಾರೆ."

ಟಾಂಕ್ಸ್ ಸರ್ ಸರಿಮಾಡಲಾಗಲಿಲ್ಲ. ವೇಳಾಪಟ್ಟಿ ಮುಚ್ಚಿತ್ತು, ಐದೇ ಜನರೆಂದು ಕೈಬಿಟ್ಟ ಆ ತರಗತಿಯ ಅವಧಿಗಳನ್ನು ಬೇರೆ ವಿಷಯಗಳಿಗೆ ಹಂಚಿಯಾಗಿತ್ತು. ಅವರು ಹೆಡ್‌ಮಾಸ್ಟರರ ಹತ್ತಿರ ಎರಡು ಸಲ ಹೋಗಿ ಬಂದರು, ಎರಡನೆಯ ಸಲ ದನಿ ಏರಿದ್ದು ಆಫೀಸಿನವರೆಗೂ ಕೇಳಿಸಿತು. ಈಸ್ಟರ್ ಆದ ಮೇಲೆ ಅವರು ಬೇರೆ ಶಾಲೆಗೆ ಹೋಗುತ್ತಾರೆಂದು ಗೊತ್ತಾಯಿತು. ಕಡೆಯ ವಾರ ಇಂಚರಾಳನ್ನು ಕರೆದು, ಆಗಿದ್ದಾಯಿತು, ನಿನ್ನ ತಪ್ಪಲ್ಲ ಎಂದರಂತೆ. ನಿನ್ನ ತಪ್ಪಲ್ಲ ಎಂದು ಯಾರಾದರೂ ಯಾಕೆ ಹೇಳುತ್ತಾರೆ ಅಮ್ಮಾ, ತಪ್ಪಾಗಿದ್ದರೆ ತಾನೆ ಎಂದು ಇಂಚರಾ ಕಾರಿನಲ್ಲಿ ಕೇಳಿದಳು. ಅದೇ ಏಪ್ರಿಲ್ಲಿನಲ್ಲಿ ಕಾರಿನ ಕಾರ್ಖಾನೆ ಮುಚ್ಚಿತು. ಲಿಯಾನ್‌ಳ ಅಪ್ಪ ಮನೆಯಲ್ಲಿ ಕೂತ. ಬೇರೆ ಊರಿನ ಕಾಲೇಜಿಗೆ ಎರಡು ಬಸ್ಸು ಬದಲಿಸಿ ಹೋಗಿ ಆ ವಿಷಯ ಓದುವ ಯೋಚನೆ ಅವನ ಕೆಲಸದ ಜೊತೆಗೇ ಹೋಯಿತು. ಲಿಯಾನ್ ಜಗಳವಾಡಲಿಲ್ಲ, ಊಟದ ಬಿಡುವಿನಲ್ಲಿ ಬೇರೆ ಮೇಜಿಗೆ ಹೋಗಿ ಕೂತಳು ಅಷ್ಟೆ. ಜೂನ್ ಮಾತ್ರ ಎಂದಿನಂತೆ ಬೇರೆ ಚಮಚದಲ್ಲಿ ಬಟಾಣಿ ಬಡಿಸುತ್ತಲೇ ಇದ್ದಳು. "ನಿಮ್ಮ ಹುಡುಗಿಗೆ ಹೇಳಿ, ಬೇಜಾರು ಮಾಡ್ಕೋಬೇಡ ಅಂತ. ಮಕ್ಕಳು ಮರೀತವೆ," ಎಂದಳು ಒಂದು ದಿನ. ಮರುದಿನದಿಂದ ಕೌಸಲ್ಯಾ ಮನೆಯಿಂದ ಡಬ್ಬಿ ತಂದು ಕಾರಿನಲ್ಲೇ ಕೂತು ತಿನ್ನತೊಡಗಿದಳು.

ಮೊದಲು ಕಂಡದ್ದು ಬೀಗ. ಇಂಚರಾ ಬೆಳಿಗ್ಗೆ ಬಾಗಿಲು ಹಾಕಿ ಕಾರಿನವರೆಗೂ ಬಂದು, ಮತ್ತೆ ಹೋಗಿ ಹಿಡಿಕೆ ಎಳೆದು ನೋಡಿ ಬರುವಳು. ಆಮೇಲೆ ಪರೀಕ್ಷೆಯ ವಾರಗಳಲ್ಲಿ ಚೀಲದೊಳಗಿನ ಪೆನ್ನುಗಳನ್ನು ಎಣಿಸುವಳು, ಎಣಿಸಿದ್ದನ್ನು ಮತ್ತೆ ಎಣಿಸುವಳು. ಉತ್ತರ ಪತ್ರಿಕೆಯ ಮೇಲೆ ತನ್ನ ಹೆಸರು ಬರೆದೆನೋ ಇಲ್ಲವೋ ಎಂದು ಮನೆಗೆ ಬಂದು ಅಳುವಳು. ಶ್ರೀರಂಗ, "ಶಿಸ್ತು ಬಂದಿದೆ ಬಿಡೇ. ಮೊದ್ಲು ಕೀಲಿ ಎಲ್ಲಿ ಅಂದ್ರೆ ಗೊತ್ತಿರ್ತಿರಲಿಲ್ಲ ಇವಳಿಗೆ," ಎಂದು ಸಂತೋಷಪಟ್ಟ. ಆಗಸ್ಟಿನಲ್ಲಿ ಫಲಿತಾಂಶ ಬಂತು. ಗಣಿತಕ್ಕೆ ಸಿಗಬಹುದಾದ ಅತ್ಯುತ್ತಮ ದರ್ಜೆ. ಶ್ರೀರಂಗ ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಹಿಲ್‌ವರೆಗೂ ಹೋಗಿ ಮೈಸೂರ್ ಪಾಕ್ ಹುಡುಕಿ, ಸಿಗದೆ, ಪೇಡ ತಂದ. ಇಂಚರಾ ಆ ಹಾಳೆಯನ್ನು ಬಹಳ ಹೊತ್ತು ನೋಡಿ, ಇದು ನನ್ನದಲ್ಲ, ಯಾರದೋ ಅಂಕ ನನ್ನ ಹೆಸರಿಗೆ ಬಂದಿದೆ, ಮರುಪರಿಶೀಲನೆಗೆ ಬರೆಯಬೇಕು ಎಂದಳು. ತಮಾಷೆ ಎಂದುಕೊಂಡು ಶ್ರೀರಂಗ ಜೋರಾಗಿ ನಕ್ಕ. ಕೌಸಲ್ಯಾ ಪೇಡದ ಡಬ್ಬಿಯ ಮುಚ್ಚಳ ಹಾಕಿದಳು. ಕೆಳಗಿನಿಂದ ಐದನೆಯ ಮೆಟ್ಟಿಲ ಮೇಲೆ ಆಗಲೇ ಎಷ್ಟೋ ವಾರಗಳಿಂದ ಯಾರೂ ಕೂತಿರಲಿಲ್ಲ. ಆ ಮನೆಯಲ್ಲಿ ಯಾರೂ ಗುನುಗುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಇಂಚರಾ ಮ್ಯಾಥ್ಸನ್ನೂ ಬಿಟ್ಟಳು. ತಪ್ಪು ಮಾಡಿದರೆ ಗೊತ್ತಾಗದ ವಿಷಯ ಬೇಕು ಎಂದಳು. ಅಕ್ಟೋಬರಿನ ಒಂದು ಬೆಳಿಗ್ಗೆ ಆಫೀಸಿನ ಕಿಟಕಿಗೆ ಯಾರೋ ಟೀಚರ್ ಬಂದು, ಕೋಶ್, ನಿನ್ನ ಮಗಳು ಲಾಕರ್ ಎದುರು ನಿಂತಿದಾಳೆ, ಒಂದು ಗಂಟೆಯಿಂದ ನಿಂತಿದಾಳೆ ಎಂದಳು. ಕೌಸಲ್ಯಾ ಓಡಿದಳು. ಉದ್ದನೆಯ ಕಾರಿಡಾರಿನಲ್ಲಿ ಇಂಚರಾ ಒಬ್ಬಳೇ. ಪುಸ್ತಕ ಇಡುವ ಲಾಕರಿನ ಬಾಗಿಲು ಮುಚ್ಚುವುದು, ಎಳೆದು ನೋಡುವುದು, ಎರಡು ಹೆಜ್ಜೆ ನಡೆಯುವುದು, ವಾಪಸು ಬರುವುದು. ಮುಖದಲ್ಲಿ ಭಯವಿರಲಿಲ್ಲ, ಅಳುವಿರಲಿಲ್ಲ, ಕೆಲಸ ಮಾಡುವವರ ದಣಿವಷ್ಟೇ ಇತ್ತು. "ಹಾಕಿದೀನಾ ಅಮ್ಮಾ?" ಎಂದು ಕೇಳಿದಳು. ಅಪರೂಪಕ್ಕೆ, ಕನ್ನಡದಲ್ಲಿ.

ಆ ಗುರುವಾರ ಮಧ್ಯಾಹ್ನ ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿತು. ಶ್ರೀರಂಗ ಬರುತ್ತೇನೆಂದ. ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು ಕೌಸಲ್ಯಾ. ಹೋಗುವ ಮುಂಚೆಯೇ ಹೇಳಬೇಕೆಂದು ತೀರ್ಮಾನಿಸಿದ್ದಳು. ಮೂರು ದಿನದಿಂದ ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ವಾಕ್ಯಗಳನ್ನು ಜೋಡಿಸಿದ್ದಳು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ಕ್ಲಿನಿಕ್ಕಿನ ಕಾರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದಾಗ ಇನ್ನೂ ಹದಿನೈದು ನಿಮಿಷವಿತ್ತು. ಪಕ್ಕದ ಸೀಟಿನಲ್ಲಿ ಇಂಚರಾ ಸೀಟ್ ಬೆಲ್ಟಿನ ಕೊಕ್ಕೆಯನ್ನು ಬಿಚ್ಚುವುದೋ ಬೇಡವೋ ಎಂದು ಬೆರಳಲ್ಲಿ ಮುಟ್ಟುತ್ತಿದ್ದಳು.

"ಇಂಚರಾ, ನೀನು ಸರಿಯಾಗೇ ಬರೆದಿದ್ದೆ," ಎಂದಳು ಕೌಸಲ್ಯಾ. "ಆ ಫಾರಮ್ಮಿನಲ್ಲಿ. ಎರಡನೇ ಸಾಲು, ಫರ್ದರ್ ಮ್ಯಾಥ್ಸ್. ನಾನೇ ಬದಲಾಯಿಸಿದ್ದು. ಕೈತಪ್ಪಿ ಅಲ್ಲ. ಬೇಕು ಅಂತಲೇ."

ಇಂಚರಾ ತಿರುಗಿ ನೋಡಿದಳು. ಕೌಸಲ್ಯಾ ಕಾದಳು. ಬೈಯುತ್ತಾಳೆ, ಕಿರುಚುತ್ತಾಳೆ, ಇಳಿದು ಓಡುತ್ತಾಳೆ, ಏನಾದರಾಗಲಿ, ಅದಕ್ಕೆಲ್ಲ ಮೈಯೊಡ್ಡಿ ಕೂತಿದ್ದಳು. ಆದರೆ ಮಗಳ ಮುಖದಲ್ಲಿ ನಿಧಾನವಾಗಿ ಮೂಡಿದ್ದು, ಬಿದ್ದ ಮಗುವನ್ನು ನೋಡುವ ದೊಡ್ಡವರ ಮುಖದಲ್ಲಿರುವಂಥ ಒಂದು ಮರುಕ.

"ಅಮ್ಮಾ, ಹೀಗೆಲ್ಲ ಹೇಳ್ಬೇಕಾಗಿಲ್ಲ ನೀನು."

"ಹೇಳೋದಲ್ಲ ಪುಟ್ಟಾ, ನಿಜ. ಡೋರೀನ್ ನೀರು ತರೋಕೆ ಹೋಗಿದ್ಲು. ನಾನು ಎರಡು ಅಕ್ಷರ..."

"ನೀನು ಯಾಕೆ ಹಾಗೆ ಮಾಡ್ತೀಯ?" ಇಂಚರಾ ಮೆತ್ತಗೆ ಕೇಳಿದಳು. "ನಿಂಗೆ ಗೊತ್ತಿತ್ತಲ್ಲ, ನಂಗೆ ಅದು ಎಷ್ಟು ಇಷ್ಟ ಅಂತ."

ಯಾಕೆ ಎನ್ನುವುದಕ್ಕೆ ಉತ್ತರ ವಿಶ್ವಣ್ಣನಿಂದ ಶುರುವಾಗಬೇಕು. ಬೀಗ ಎಳೆದು ಎಳೆದು ಅಂಗೈ ಕೆಂಪಾದ ಈ ಹುಡುಗಿಗೆ, ಡಾಕ್ಟರ ಬಾಗಿಲಲ್ಲಿ, ನಿನ್ನ ಸೋದರಮಾವನಿಗೆ ಹುಚ್ಚು, ನಿನಗೂ ಬರಬಹುದೆಂದು ಹೆದರಿದೆ ಎಂದು ಹೇಳಬೇಕು. ಕೌಸಲ್ಯಾ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೋಡಿದ್ಯಾ?" ಎಂದಳು ಇಂಚರಾ. ಅಮ್ಮನ ಕೈ ಮೇಲೆ ಕೈಯಿಟ್ಟಳು. "ನನ್ನ ಸಮಾಧಾನಕ್ಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೊಳ್ತಿದೀಯ. ಥ್ಯಾಂಕ್ಸ್ ಅಮ್ಮಾ. ಆದರೆ ಬಿಟ್ಟಿದ್ದು ನಾನೇ. ನಂಗೆ ಈಗ ನೆನಪಿದೆ ಕೂಡ. ಎರಡನೇ ಸಾಲು ಖಾಲಿ ಬಿಟ್ಟಿದ್ದೆ. ಆ ಖಾಲಿ ಸಾಲು ಕಣ್ಣಿಗೆ ಕಟ್ಟಿದ ಹಾಗಿದೆ."

ಒಳಗೆ ಕಾಯುವ ಕೋಣೆಯಲ್ಲಿ ಒಬ್ಬ ಮುದುಕ ಕೆಮ್ಮುತ್ತಿದ್ದ, ಟಿವಿಯಲ್ಲಿ ಯಾರೋ ದನಿಯಿಲ್ಲದೆ ಅಡುಗೆ ಮಾಡುತ್ತಿದ್ದರು. ಹೆಸರು ಕರೆದರು. ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಅವಸರವಿಲ್ಲದವರು. ಇಂಚರಾಳನ್ನು ಹತ್ತಿರದ ಕುರ್ಚಿಯಲ್ಲಿ, ಕೌಸಲ್ಯಾಳನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಏನು ತೊಂದರೆ ಎಂದು ಕೇಳಿದರು. ಇಂಚರಾ ಎಲ್ಲವನ್ನೂ ಚೆನ್ನಾಗಿ ಹೇಳಿದಳು, ಬೀಗ, ಪೆನ್ನು, ಲಾಕರ್, ಎಷ್ಟು ಸಲ, ಎಷ್ಟು ಹೊತ್ತು, ಒಂದು ಲೆಕ್ಕ ಬಿಡಿಸುವ ಕ್ರಮದಲ್ಲಿ. ಡಾಕ್ಟರು ಬರೆದುಕೊಳ್ಳುತ್ತಿದ್ದರು. ಇದೆಲ್ಲ ಯಾವಾಗ ಶುರುವಾಯಿತು ಎಂದು ಕೇಳಿದಾಗ ಒಂದು ಫಾರಮ್ಮನ್ನು ತಪ್ಪು ತುಂಬಿದಾಗಿನಿಂದ ಎಂದಳು.

"ಅವಳು ತಪ್ಪು ತುಂಬಲಿಲ್ಲ," ಎಂದಳು ಕೌಸಲ್ಯಾ ಗೋಡೆಯ ಪಕ್ಕದಿಂದ. ಅವಳ ಇಂಗ್ಲಿಷು ಇದ್ದಕ್ಕಿದ್ದಂತೆ ಮೊದಲ ವರ್ಷದ ಇಂಗ್ಲಿಷಾಗಿತ್ತು. "ನಾನು ಮಾಡಿದ್ದು. ಆಫೀಸ್ ಕಂಪ್ಯೂಟರಿನಲ್ಲಿ, ನಾನು. ಕೈಯಿಂದ." ಕೈ ಎತ್ತಿ ತೋರಿಸಿದಳು.

ಡಾಕ್ಟರು ತಲೆಯೆತ್ತಿ ಇಂಚರಾಳ ಕಡೆ ನೋಡಿದರು. ಇಂಚರಾ ಇಲ್ಲವೆಂದು ಸಣ್ಣಗೆ ತಲೆಯಾಡಿಸಿದಳು. ಆಮೇಲೆ, ದನಿ ತಗ್ಗಿಸಿ, ಹಿಂದೆ ಕೂತವಳಿಗೆ ಕೇಳಿಸಬಾರದೆಂಬ ಎಚ್ಚರದಲ್ಲಿ, ಆದರೆ ಅಷ್ಟು ಚಿಕ್ಕ ಕೋಣೆಯಲ್ಲಿ ಎಲ್ಲವೂ ಕೇಳಿಸುವ ಹಾಗೆ, "ನಿಜ ಹೇಳಬೇಕೆಂದರೆ ನನಗೆ ನನಗಿಂತ ಅಮ್ಮಂದೇ ಚಿಂತೆ. ಊಟ ಕಾರಿನಲ್ಲಿ ಒಬ್ಬಳೇ ಮಾಡ್ತಾಳೆ. ಈಗ ಮಾಡದೇ ಇರೋದನ್ನೆಲ್ಲ ಮಾಡಿದೀನಿ ಅಂತ ಹೇಳೋಕೆ ಶುರುಮಾಡಿದಾಳೆ," ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಚಕ್ರದ ಕುರ್ಚಿಯನ್ನು ಮೆಲ್ಲಗೆ, ಸದ್ದಾಗದ ಹಾಗೆ, ಗೋಡೆಯ ಕಡೆಗೆ ತಿರುಗಿಸಿದರು. ಮುಂದಕ್ಕೆ ಬಾಗಿ, ಬಹಳ ಅಕ್ಕರೆಯ ದನಿಯಲ್ಲಿ, "ಎಷ್ಟು ದಿನದಿಂದ ನಿಮಗೆ ಹೀಗೆಲ್ಲ ಅನ್ನಿಸ್ತಿದೆ?" ಎಂದು ಕೇಳಿದರು.